ಬಲಗಡೆಯ ಬಳ್ಳಿಯಂಚು

ಭಾನುವಾರ ಇಗರ್ಜಿಯಿಂದ ಬಂದವಳು ಬಟ್ಟೆ ಬದಲಿಸಿ, ಅಮ್ಮನ ಕೋಳಿಗೂಡಿಗೆ ಮರದ ಹೊಟ್ಟು ಹರಡಲು ಹೋದೆ. ಗೂಡಿನ ಬಾಗಿಲ ಒಳಬದಿಯಲ್ಲಿ ಹೊಸದೊಂದು ಹಾಳೆ ತೂಗುತ್ತಿತ್ತು. ಪೇಟೆಯ ಸೈಬರ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ, ಮೇಲೆರಡು ತೂತು ಕೊರೆದು ಸೆಣಬಿನ ದಾರ ಕಟ್ಟಿದ್ದರು. ದಪ್ಪ ಅಕ್ಷರದಲ್ಲಿ 'ಕೋಳಿಮರಿಗಳ ಲಸಿಕೆ ಪಟ್ಟಿ' ಎಂದಿತ್ತು. ಅದರ ಪಕ್ಕದಲ್ಲಿ ಕನ್ನಡಕ, ಬಿಳಿ ಕೋಟು, ಸಣ್ಣಗೆ ಕತ್ತರಿಸಿದ ಗಡ್ಡದ ಗಂಡಸಿನ ಫೋಟೋ. ಕೆಳಗೆ 'ಡಾ. ಪೀಟರ್ ಮುಲ್ವಾ, ಪಶುವೈದ್ಯರು'.

ಹೊಟ್ಟಿನ ಬುಟ್ಟಿಯನ್ನು ಕೆಳಗಿಟ್ಟೆ. ಆ ಪಟ್ಟಿಯನ್ನು ಬರೆದವಳು ನಾನು.

ಡಾ. ಮುಲ್ವಾ ಎಂಬ ಮನುಷ್ಯ ಎಲ್ಲಿಯೂ ಇಲ್ಲ. ಅವರು ನಮ್ಮ ಕಚೇರಿಯಲ್ಲಿ ಹುಟ್ಟಿದವರು. ಕೋಳಿ ಆಹಾರ ಮಾರುವ ಕಂಪನಿಯೊಂದಕ್ಕೆ ನಾವು ಜಾಲತಾಣ ನಡೆಸುತ್ತೇವೆ. ಲೇಖನದ ಕೆಳಗೆ ಇಪ್ಪತ್ತಮೂರು ವರ್ಷದ ಹುಡುಗಿಯ ಹೆಸರಿದ್ದರೆ ಯಾರು ನಂಬುತ್ತಾರೆ ಎಂದು ನಮ್ಮ ಬಾಸ್ ಮುಸೆಂಬಿ ಆ ಹೆಸರನ್ನು ಕಟ್ಟಿ, ಫೋಟೋಗಳ ತಾಣದಿಂದ ಒಂದು ಮುಖವನ್ನು ತಂದು ಅಂಟಿಸಿದರು. ನನಗೂ ಆಗ ಸಮಾಧಾನವೇ ಆಗಿತ್ತು. ಕಟುಂಗೆ ಎಂಬ ನನ್ನ ಹೆಸರನ್ನು ಎಲ್ಲಿಯಾದರೂ ಅಚ್ಚಾಗಿ ನೋಡಿದರೆ ನನಗೆ ಕಿವಿ ಬಿಸಿಯಾಗುತ್ತದೆ. ನಾನು ಬರೆಯುವುದು, ಡಾಕ್ಟರು ಹೇಳುವುದು ಎಂದು ಎಂಟು ತಿಂಗಳು ನಡೆದುಹೋಗಿತ್ತು. ಮನೆಯಲ್ಲಿ ಅಮ್ಮನಿಗೆ ನಾನು ಕಚೇರಿಯಲ್ಲಿ ಟೈಪ್ ಮಾಡುತ್ತೇನೆ ಎಂದಷ್ಟೇ ಗೊತ್ತು.

ಆದರೆ ಹಾಳೆಯಲ್ಲಿ ಏನೋ ಸರಿಯಿರಲಿಲ್ಲ. ಬೆರಳಿಟ್ಟು ಎಣಿಸಿದೆ. ದಿನ, ರೋಗ, ಲಸಿಕೆ, ಪ್ರಮಾಣ. ನಾಲ್ಕೇ ಕಾಲಂ. ನಾನು ಬರೆದದ್ದು ಐದು. ಐದನೆಯದು ನೀರು. ಆ ಕಾಲಂ ಇರಬೇಕಾದ ಕಡೆ, ಕಾಗದದ ಬಲತುದಿಯಲ್ಲಿ, ಅರ್ಧರ್ಧ ಕತ್ತರಿಸಿಹೋದ ಅಕ್ಷರಗಳು ಮೇಲಿಂದ ಕೆಳಗಿನವರೆಗೆ ಸಾಲಾಗಿ ನಿಂತಿದ್ದವು.

"ಚೆನ್ನಾಗಿದೆ ಅಲ್ವಾ?" ಹಿಂದಿನಿಂದ ಅಮ್ಮ ಬಂದಳು. "ಬದಿಗೆ ಬಳ್ಳಿ ಥರ ಅಂಚು ಬೇರೆ ಬಿಟ್ಟಿದಾರೆ ನೋಡು. ಓದಿದೋರು ಏನ್ ಮಾಡಿದ್ರೂ ಅಂದವಾಗಿ ಮಾಡ್ತಾರೆ."

"ಎಲ್ಲಿಂದ ಸಿಕ್ತು ಇದು?"

"ಕ್ಯಾಲೊನ ಅಮ್ಮ ಫೋನಲ್ಲಿ ಹುಡುಕಿದ್ಲು. ಎಲ್ಲಕ್ಕಿಂತ ಮೇಲೆ ಇದೇ ಬಂತಂತೆ. ಮೇಲೆ ಬಂದಿದೆ ಅಂದ್ರೆ ಸುಮ್ನೆ ಬಂದಿರತ್ತಾ? ಸಂಘದ ಆರು ಮನೆಗೂ ಒಂದೊಂದು ಮಾಡಿಸಿದೀವಿ."

"ಹತ್ತನೇ ದಿನದ ಲಸಿಕೆ ಕೊಟ್ರಲ್ಲ ಅಮ್ಮ, ಅದನ್ನ ಯಾವ ನೀರಲ್ಲಿ ಕಲಸಿದ್ರಿ?"

"ಇದೆಂಥ ಪ್ರಶ್ನೆ. ಕಂಪನಿ ನೀರಲ್ಲಿ. ಔಷಧಿಗೆ ಯಾರಾದ್ರೂ ತೊಟ್ಟಿ ನೀರು ಹಾಕ್ತಾರಾ?"

ನಮ್ಮ ಕೇರಿಗೆ ನಲ್ಲಿಯಲ್ಲಿ ನೀರು ಬರುವುದು ಬುಧವಾರ ಮಾತ್ರ. ಅದನ್ನೇ ಎಲ್ಲರೂ ಕಂಪನಿ ನೀರು ಎನ್ನುವುದು. ಅಮ್ಮ ಅದನ್ನು ಬಿಳಿ ಕ್ಯಾನಿನಲ್ಲಿ ತುಂಬಿಟ್ಟು, ಮುಚ್ಚಳದ ಮೇಲೆ ಬಟ್ಟೆ ಕಟ್ಟಿ, ಪಾದ್ರಿ ಬಂದರೆ, ಯಾರಿಗಾದರೂ ಮಾತ್ರೆ ಕೊಡಬೇಕಾದರೆ ತೆಗೆಯುತ್ತಾಳೆ. ಮಿಕ್ಕ ಕೆಲಸಕ್ಕೆಲ್ಲ ಹಳದಿ ಕ್ಯಾನಿನ ಮಳೆನೀರು, ತೊಟ್ಟಿಯದು, ತಳದಲ್ಲಿ ಒಂದಿಷ್ಟು ಕೆಂಪು ಮಣ್ಣು ಕೂತದ್ದು. ಮರಿಗಳ ಔಷಧಿಗೆ ಅವರು ಮನೆಯಲ್ಲಿದ್ದ ಅತಿ ಒಳ್ಳೆಯ ನೀರನ್ನೇ ಕೊಟ್ಟಿದ್ದರು. ಆ ಒಳ್ಳೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಲಸಿಕೆ ಜೀವವಿರುವ ವಸ್ತು, ಕ್ಲೋರಿನ್ ತಗುಲಿದರೆ ಬಟ್ಟಲಿನಲ್ಲೇ ಸಾಯುತ್ತದೆ. 'ನಲ್ಲಿ ನೀರು ಬೇಡ, ಮಳೆನೀರು ಅಥವಾ ಬಾವಿ ನೀರು ಮಾತ್ರ' ಎಂದು ಐದನೆಯ ಕಾಲಮಿನಲ್ಲಿ ಪ್ರತಿ ಸಾಲಿನ ಮುಂದೆಯೂ ಬರೆದಿದ್ದೆ. ಅದೊಂದನ್ನು ಖಚಿತ ಮಾಡಿಕೊಳ್ಳಲು ಪಶುಸಂಗೋಪನೆ ಕಚೇರಿಗೆ ಫೋನ್ ಮಾಡಿದ್ದೆ. ಗೊತ್ತಿಲ್ಲದವರಿಗೆ ಫೋನ್ ಮಾಡುವ ಮುಂಚೆ ನಾನು ಆಡಬೇಕಾದ ಮಾತುಗಳನ್ನೆಲ್ಲ ಡೈರಿಯಲ್ಲಿ ಬರೆದುಕೊಂಡು ಓದಿ ನೋಡುತ್ತೇನೆ. ಅಷ್ಟು ಕಷ್ಟಪಟ್ಟ ಕಾಲಂ ಈಗ ಬಳ್ಳಿಯ ಅಂಚಾಗಿತ್ತು.

"ಅಮ್ಮ, ಆ ಲಸಿಕೆ ಹಿಡಿದಿರಲ್ಲ."

"ಯಾರು ಹೇಳಿದ್ದು?"

ಕೆಳಗಿದ್ದ ಬುಟ್ಟಿಗೆ ಕೈಹಾಕಿದೆ. ಅಮ್ಮ ಬುಟ್ಟಿ ಎತ್ತಿಕೊಂಡು ತಾನೇ ಹೊಟ್ಟು ಹರಡತೊಡಗಿದಳು. ಐವತ್ತು ಮರಿಗಳು ಅವಳ ಕಾಲಿನ ಸುತ್ತ ಓಡಾಡಿದವು.

ಹೋದ ವರ್ಷವೂ ಅಮ್ಮನ ಮಹಿಳಾ ಸಂಘದ ಆರು ಮನೆಗಳವರು ಒಟ್ಟಿಗೆ ಮರಿ ತಂದಿದ್ದರು. ತರೋಣ ಎಂದು ಎಲ್ಲರನ್ನೂ ಒಪ್ಪಿಸಿದವಳು ಅಮ್ಮ. ಐದನೆಯ ವಾರದಲ್ಲಿ ಗಂಬೋರೊ ರೋಗ ಬಂತು. ನಾಲ್ಕು ದಿನದಲ್ಲಿ ಆರೂ ಗೂಡುಗಳು ಖಾಲಿ. ಯಾರೂ ಅಮ್ಮನಿಗೆ ಎದುರಿಗೆ ಏನೂ ಅನ್ನಲಿಲ್ಲ. ಆದರೆ ಇಗರ್ಜಿಯ ಚಹದ ಹೊತ್ತಿನಲ್ಲಿ ಅವಳು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಒಂದು ವರ್ಷ ಅಮ್ಮ ಕೋಳಿಯ ಹೆಸರೆತ್ತಲಿಲ್ಲ. ಈ ಸಲ ಆ ಹಾಳೆಯನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ, 'ಇದು ನನ್ನ ಮಾತಲ್ಲ, ಡಾಕ್ಟರ ಮಾತು' ಎಂದಿದ್ದಳು. ಅವರು ಒಪ್ಪಿದ್ದು ಅದಕ್ಕೆ. ಮುನ್ನೂರು ಮರಿಗಳನ್ನು ಒಂದೇ ದಿನ ತಂದದ್ದೂ ಲಸಿಕೆಗಾಗಿಯೇ. ಒಂದು ಸೀಸೆ ಒಡೆದರೆ ಎರಡು ಗಂಟೆಯೊಳಗೆ ಮುಗಿಸಬೇಕು, ಆರು ಮನೆಗೂ ಹಂಚಬೇಕು. ಎರಡನೆಯ ಸಲದ್ದು ಹದಿನೆಂಟನೆಯ ದಿನ, ಅಂದರೆ ಬರುವ ಗುರುವಾರ. ಬುಧವಾರ ಬಂದ ಕಂಪನಿ ನೀರು ತಾಜಾ ಇರುತ್ತದೆ ಎಂದು ಅವರೆಲ್ಲ ಖುಷಿಯಲ್ಲಿದ್ದರು.

ಮುಸೆಂಬಿಯವರಿಗೆ ಉದ್ದವಾದ ಸಂದೇಶ ಕಳಿಸಿದೆ. ಓದಿದರು ಎಂಬ ಎರಡು ನೀಲಿ ಟಿಕ್ ಗುರುತುಗಳು ಬಂದವು. ಉತ್ತರ ಬರಲಿಲ್ಲ.

ನಮ್ಮ ಕಚೇರಿ ಮಚಾಕೋಸ್ ಪೇಟೆಯಲ್ಲಿ, ಹಾಸಿಗೆ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿದೆ. ಮೂರು ಮೇಜು, ಒಂದು ಕೆಟಲ್, ಗೋಡೆಯ ಮೇಲೆ ಒಂದು ಬಿಳಿ ಹಲಗೆ. ಮುಸೆಂಬಿ ಎರಡು ತಿಂಗಳ ಹಿಂದೆ ನೈರೋಬಿಯಲ್ಲಿ ಎರಡು ದಿನದ ತರಬೇತಿಗೆ ಹೋಗಿ ಬಂದ ಮೇಲೆ ಆ ಹಲಗೆಯ ಮೇಲೆ ಒಂದೇ ಸಾಲು ಇದೆ: 'ಪ್ರತಿ ಪುಟಕ್ಕೂ ಪಿಡಿಎಫ್.' ನಮ್ಮ ಜನ ಏನನ್ನು ಹುಡುಕಿದರೂ ಕೊನೆಗೆ ಪಿಡಿಎಫ್ ಎಂದು ಸೇರಿಸುತ್ತಾರೆ, ಶಾಲೆಯ ಪ್ರಶ್ನೆಪತ್ರಿಕೆಯಿಂದ ಕಲಿತ ಅಭ್ಯಾಸ ಅದು, ಒಮ್ಮೆ ಇಳಿಸಿಕೊಂಡರೆ ಮತ್ತೆ ಡೇಟಾ ಸುಡಬೇಕಿಲ್ಲ, ವಾಟ್ಸಾಪಿನಲ್ಲಿ ಹಂಚಬಹುದು, ಆದ್ದರಿಂದ ಪ್ರತಿ ಪುಟಕ್ಕೂ ಇಳಿಸಿಕೊಳ್ಳುವ ಒಂದು ಪ್ರತಿ ಇಟ್ಟರೆ ಹುಡುಕಾಟದಲ್ಲಿ ನಾವೇ ಮೇಲೆ, ಎಂಬುದು ಅವರ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ ಎನ್ನುವುದೇ ನನ್ನ ಸಂಕಟ. ಒಂದು ವಾರದಲ್ಲಿ ಇನ್ನೂರ ಹದಿನಾಲ್ಕು ಪುಟಗಳನ್ನು ಯಂತ್ರದಿಂದ ಪರಿವರ್ತಿಸಿ ಏರಿಸಿದ್ದರು. ಒಂದನ್ನೂ ತೆರೆದು ನೋಡಿರಲಿಲ್ಲ. ಅಗಲವಾದ ಪಟ್ಟಿ ಕಾಗದಕ್ಕೆ ಹಿಡಿಸದೆ ಬಲಗಡೆ ಕತ್ತರಿಸಿಹೋಗಿತ್ತು, ಅಷ್ಟೇ. ಜಾಲತಾಣದ ಪುಟದಲ್ಲಿ ಐದೂ ಕಾಲಂ ನೆಟ್ಟಗಿದ್ದವು. ಆದರೆ ಹುಡುಕಿದವರಿಗೆ ಮೊದಲು ಸಿಗುವುದು ಪಿಡಿಎಫ್. ಪುಟ ಎಲ್ಲೋ ಹನ್ನೊಂದನೆಯದು. ಹನ್ನೊಂದನೆಯದನ್ನು ನೋಡುವವರು ಯಾರು?

ಸೋಮವಾರ ಬೆಳಿಗ್ಗೆ ಅವರು ಮಂದಾಜಿ ಎಂಬ ಕರಿದ ಬನ್ನು ತಿನ್ನುತ್ತಿದ್ದಾಗ ಮೇಜಿನ ಹತ್ತಿರ ಹೋಗಿ ನಿಂತೆ.

"ಬಾಸ್, ನಿನ್ನೆ ಒಂದು ಸಂದೇಶ..."

"ನೋಡ್ದೆ. ಕಾದಂಬರಿ ಬರ್ದಿದ್ಯಲ್ಲ. ಸಣ್ಣದಾಗಿ ಹೇಳು."

"ಕೋಳಿ ಲಸಿಕೆ ಪಿಡಿಎಫ್‌ನಲ್ಲಿ ನೀರಿನ ಕಾಲಂ ಬಿಟ್ಟುಹೋಗಿದೆ. ಬದಲಾಯಿಸಬೇಕು."

"ಯಾವ್ದು, ನಂಬರ್ ಒನ್ನಲ್ಲಿರೋದಾ?" ಅವರು ತಿನ್ನುವುದನ್ನು ನಿಲ್ಲಿಸಿದರು. "ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಶುಕ್ರವಾರ ಕೋಳಿ ಆಹಾರದ ಕಂಪನಿಯವರು ಬರ್ತಾರೆ. ಅವರ ಫೋನಲ್ಲೇ ಅವರೇ ಹುಡುಕಿ ನೋಡ್ತಾರೆ. ಮೇಲಿದ್ರೆ ಇನ್ನೊಂದು ವರ್ಷ ನಮಗೇ ಕೆಲಸ."

"ಎರಡು ನಿಮಿಷದ ಕೆಲಸ ಬಾಸ್. ಪಟ್ಟೀನ ಅಡ್ಡ ತಿರುಗಿಸಿದ್ರೆ ಐದೂ ಹಿಡಿಸತ್ತೆ."

"ಕಾವಿಗೆ ಕೂತಿರೋ ಕೋಳೀನ ಎಬ್ಬಿಸಿ, ಮೊಟ್ಟೆ ನೆಟ್ಟಗಿದ್ಯಾ ಅಂತ ನೋಡ್ತಾರೇನು? ಮೇಲೆ ಹತ್ತಿರೋ ಫೈಲನ್ನ ಅಲ್ಲಾಡಿಸಿದ್ರೆ ಅದು ಇಳಿಯತ್ತೆ. ಆಮೇಲೆ ಹತ್ಸೋದು ಯಾರು, ನೀನಾ?"

"ಆದ್ರೆ ಮರಿಗಳು ಸಾಯ್ತವೆ."

"ಮರಿಗಳು ಸಾಯ್ತವೆ, ಕಟುಂಗೆ. ಅದಕ್ಕೇ ಜನ ನೂರು ತಂದು ಎಂಬತ್ತು ಸಾಕೋದು." ಅವರು ನಕ್ಕರು. ಕೆಟ್ಟ ನಗುವಲ್ಲ, ನನಗೆ ಧೈರ್ಯ ತುಂಬುವ ಹಾಗೆ. "ಶುಕ್ರವಾರ ಸಾಯಂಕಾಲ ಬದಲಾಯಿಸೋಣ. ಡಾಕ್ಟರಿಗೂ ಹೇಳ್ತೀನಿ."

ಪಕ್ಕದ ಮೇಜಿನವರೂ ನಕ್ಕರು. ಡಾಕ್ಟರ ಹೆಸರಿನಲ್ಲಿ ನಮ್ಮ ಕಚೇರಿಯಲ್ಲಿ ನಡೆಯುವ ತಮಾಷೆ ಅದು. ಯಾರಾದರೂ ತಡವಾಗಿ ಬಂದರೆ 'ಡಾಕ್ಟರು ನಿನ್ನ ಕೇಳಿದ್ರು' ಎನ್ನುತ್ತಾರೆ. ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಅವತ್ತು ನನ್ನ ಮೇಜಿಗೆ ಬಂದು ಕೂತು, 'ಗುರುವಾರ ಶುಕ್ರವಾರಕ್ಕಿಂತ ಮುಂಚೆ ಬರುತ್ತದೆ' ಎಂದು ಡೈರಿಯ ಮೂಲೆಯಲ್ಲಿ ಬರೆದೆ. ಇಷ್ಟು ಸರಳವಾದ ವಾಕ್ಯ. ಅವರೆದುರು ಇದನ್ನೇ ಹೇಳಬಹುದಿತ್ತು. ನನ್ನ ಉತ್ತರಗಳೆಲ್ಲ ಹೀಗೆ ಕುರ್ಚಿಯಲ್ಲಿ ಕೂತ ಮೇಲೆ ಬರುತ್ತವೆ.

ಮಂಗಳವಾರ ಮಧ್ಯಾಹ್ನ ಮುಸೆಂಬಿ ಗೆಳೆಯರ ಜೊತೆ ಸುಟ್ಟ ಮಾಂಸ ತಿನ್ನಲು ಹೋದರು. ಇನ್ನೊಬ್ಬರು ಬ್ಯಾಂಕಿಗೆ. ತಾಣದ ಒಳಗೆ ಹೋಗುವ ಗುಪ್ತಪದ ಮುಸೆಂಬಿಯವರ ಮಗಳ ಹೆಸರು, ಎಲ್ಲರಿಗೂ ಗೊತ್ತಿರುವುದೇ. ಪಟ್ಟಿಯನ್ನು ಅಡ್ಡಕ್ಕೆ ತಿರುಗಿಸಿದೆ. ಐದನೆಯ ಕಾಲಂ ಪೂರ್ತಿ ಕಾಣಿಸಿತು. ಡಾಕ್ಟರನ್ನು ಹಾಗೆಯೇ ಬಿಟ್ಟೆ. ಅವರನ್ನು ತೆಗೆದರೆ ಮುಸೆಂಬಿಗೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಹಳೆಯ ಫೈಲಿನ ಜಾಗದಲ್ಲಿ ಅದೇ ಹೆಸರಿನಿಂದ ಹೊಸದನ್ನು ಏರಿಸಿ ಗಡಿಯಾರ ನೋಡಿದೆ. ಎರಡು ನಿಮಿಷವೂ ಆಗಿರಲಿಲ್ಲ. ಹಳೆಯದನ್ನು ಅಷ್ಟರಲ್ಲಿ ಎಷ್ಟು ಜನ ಇಳಿಸಿಕೊಂಡಿದ್ದರು ಎಂಬ ಲೆಕ್ಕ ಪಕ್ಕದಲ್ಲೇ ಇತ್ತು: ನಾಲ್ಕು ಸಾವಿರದ ನೂರ ಹನ್ನೆರಡು. ಅದನ್ನು ನೋಡಬಾರದಿತ್ತು.

ಸಂಜೆ ಮಟಾಟು ವ್ಯಾನಿನಿಂದ ಇಳಿದು ಓಡುತ್ತಲೇ ಮನೆಗೆ ಹೋದೆ. ಅಮ್ಮ ಅಂಗಳದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು.

"ಅಮ್ಮ, ಡಾಕ್ಟರು ಪಟ್ಟೀನ ತಿದ್ದಿದಾರೆ. ಹೊಸದನ್ನ ಇಳಿಸ್ಕೊ."

ಅಮ್ಮ ಫೋನ್ ತೆಗೆದು ಒತ್ತಿದಳು. ತೆರೆದದ್ದು ಹಳೆಯದೇ. ವಾಟ್ಸಾಪಿನಲ್ಲಿ ಕ್ಯಾಲೊನ ಅಮ್ಮ ಕಳಿಸಿದ್ದು, ಫೋನಿನ ಒಳಗೇ ಕೂತಿದ್ದು. "ಅದೇ ಇದ್ಯಲ್ಲ."

"ಅದಲ್ಲ, ಮತ್ತೆ ಹುಡುಕಿ ಇಳಿಸ್ಬೇಕು."

"ಕೈಯಲ್ಲಿರೋದನ್ನ ಮತ್ತೆ ಯಾಕೆ ಇಳಿಸ್ಬೇಕು? ಡೇಟಾ ಏನು ತೊಟ್ಟೀಲಿ ಬರತ್ತಾ? ಆರು ಮನೆಗೂ ಪ್ಲಾಸ್ಟಿಕ್ ಹಾಕ್ಸಿ ಆಗಿದೆ."

ನನ್ನ ಫೋನಿನಲ್ಲಿ ತೋರಿಸಿದೆ. ಅಮ್ಮ ಕಣ್ಣು ಕಿರಿದು ಮಾಡಿ ಓದಿದಳು. 'ನಲ್ಲಿ ನೀರು ಬೇಡ' ಎಂಬಲ್ಲಿ ಅವಳ ಬೆರಳು ನಿಂತಿತು. ಆಮೇಲೆ ನನ್ನ ಮುಖ ನೋಡಿದಳು.

"ಇದು ನಿನ್ನ ಫೋನಲ್ಲಿ ಮಾತ್ರ ಯಾಕಿದೆ? ನೀನು ಟೈಪ್ ಮಾಡೋಳಲ್ವಾ? ನೀನೇ ಏನೋ ಸೇರ್ಸಿದೀಯ."

ಅದು ನಿಜವೂ ಆಗಿತ್ತು.

ಗೂಡಿಗೆ ಹೋಗಿ, ಬಾಲ್‌ಪೆನ್ನಿನಿಂದ ಆ ಹಾಳೆಯ ಬಲಗಡೆ ನಾನೇ ಬರೆಯಲು ನೋಡಿದೆ. ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಜಾರಿತು. ಒತ್ತಿ ಬರೆದರೆ ಗೀರು ಬೀಳುತ್ತಿತ್ತೇ ಹೊರತು ಮಸಿ ಹತ್ತುತ್ತಿರಲಿಲ್ಲ. ನನಗೆ ಅಳು ಬಂತು, ದುಃಖದ್ದಲ್ಲ, ಮುಚ್ಚಳ ತಿರುಗದ ಡಬ್ಬಿಯನ್ನು ಹಿಡಿದಾಗ ಬರುತ್ತದಲ್ಲ, ಆ ತರಹದ್ದು. ಕಚೇರಿಯಲ್ಲಿ ಫೈಲು ಮುಟ್ಟಬಾರದು, ಮನೆಯಲ್ಲಿ ಹಾಳೆ ಮುಟ್ಟಲಾಗದು. ನಾನೇ ಬರೆದದ್ದು, ನನ್ನ ಕೈಯನ್ನು ಬಿಟ್ಟು ಎಲ್ಲರ ಕೈಯಲ್ಲೂ ಇತ್ತು. ಡಾಕ್ಟರು ಕನ್ನಡಕದೊಳಗಿಂದ ನಗುತ್ತಿದ್ದರು.

ಒಂದೇ ದಾರಿ ಉಳಿದಿತ್ತು. ಡಾಕ್ಟರಿಲ್ಲ ಎನ್ನಬೇಕು. ಹಾಗೆಂದರೆ ಅಮ್ಮ ಮನೆಮನೆಗೆ ಹಿಡಿದುಕೊಂಡು ಹೋದ ಮಾತು ಯಾರದೂ ಅಲ್ಲ ಎಂದಾಗುತ್ತದೆ. ಮರಿಗಳು ಸತ್ತರೆ ಅಮ್ಮನ ಮರ್ಯಾದೆ ಹೋಗುತ್ತದೆ, ಮರಿಗಳನ್ನು ಉಳಿಸಲು ಹೋದರೂ ಅದೇ ಮರ್ಯಾದೆ ಹೋಗುತ್ತದೆ.

ಬುಧವಾರ ಹೊಟ್ಟೆನೋವು ಎಂದು ರಜೆ ಹಾಕಿದೆ. ನಾಲ್ಕು ಗಂಟೆಗೆ ಕ್ಯಾಲೊನ ಅಮ್ಮನ ಅಂಗಳದಲ್ಲಿ ಸಂಘ ಸೇರಿತ್ತು. ಆರು ಹೆಂಗಸರು, ಮಾವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು. ನಡುವೆ ಸಾಲಾಗಿ ಆರು ಬಿಳಿ ಕ್ಯಾನು, ಬೆಳಿಗ್ಗೆಯಷ್ಟೇ ತುಂಬಿದ ಕಂಪನಿ ನೀರು. ಕ್ಯಾಲೊನ ಅಮ್ಮ ಸಂಘದ ಅಧ್ಯಕ್ಷೆ, ದೊಡ್ಡ ದನಿಯವಳು. ನನ್ನನ್ನು ಕಂಡೊಡನೆ, "ಬಾ ಮಗಳೇ. ಇವಳು ನಮ್ಮ ಸಂಘಕ್ಕೆ ಬಂದಿದಾಳೆ ಅಂದ್ರೆ ಮಳೆ ಬರತ್ತೆ ಇವತ್ತು," ಎಂದಳು. ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ.

ಆಡಬೇಕಾದದ್ದನ್ನು ಡೈರಿಯಲ್ಲಿ ಬರೆದುಕೊಂಡು ಬಂದಿದ್ದೆ. ತೆರೆದೆ. ಮುಚ್ಚಿ, ಫೋನು ತೆಗೆದು ಕ್ಯಾಲೊನ ಅಮ್ಮನ ಕೈಗೆ ಕೊಟ್ಟೆ. ಆ ಫೋಟೋ ಎಲ್ಲೆಲ್ಲಿದೆಯೆಂದು ಬೆಳಿಗ್ಗೆ ಹುಡುಕಿ ಇಟ್ಟುಕೊಂಡಿದ್ದೆ.

"ಇವರು ನಮ್ಮ ಡಾಕ್ಟರಲ್ವಾ?" ಅವಳು ನೋಡಿದಳು. "ಇದೇನು, ಹಲ್ಲಿನ ಆಸ್ಪತ್ರೆ ಅಂತ ಇದೆ?"

"ಮುಂದೆ ಒತ್ತಿ."

"ಇಲ್ಲಿ ವಕೀಲರ ಆಫೀಸು." ಮತ್ತೆ ಒತ್ತಿದಳು. "ಇಲ್ಲಿ ವಿಮೆ ಮಾರ್ತಾ ಇದಾನೆ. ಕನ್ನಡಕ ಇಲ್ಲ." ಫೋನು ಕುರ್ಚಿಯಿಂದ ಕುರ್ಚಿಗೆ ಹೋಯಿತು. "ಈ ಮನುಷ್ಯನಿಗೆ ಎಷ್ಟು ಕೆಲಸ ಅಂತೀನಿ. ಮನೇಲಿ ಹೆಂಡ್ತಿ ಕೈಗೆ ಸಿಗ್ತಾನೋ ಇಲ್ವೋ."

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಅವರು ಡಾಕ್ಟರಲ್ಲ," ಎಂದೆ. ನನ್ನ ದನಿ ನನಗೇ ಕೇಳಿಸುವಷ್ಟಿತ್ತು. "ಡಾಕ್ಟರ್ ಮುಲ್ವಾ ಅಂತ ಯಾರೂ ಇಲ್ಲ. ಪಟ್ಟಿ ಬರ್ದಿದ್ದು ನಾನು."

ಅಮ್ಮನ ಕಡೆ ನೋಡಲಿಲ್ಲ. ಕುರ್ಚಿಯ ಕಾಲು ಕಲ್ಲಿನ ಮೇಲೆ ಉಜ್ಜಿದ ಸದ್ದಾಯಿತು. ಅಮ್ಮ ಎದ್ದು ಅಂಗಳದಾಚೆ ಹೋದಳು.

"ಪಟ್ಟಿ ಸರಿ ಇದೆ," ಎಂದು ಅವಸರವಾಗಿ ಹೇಳಿದೆ. "ಪಶುಸಂಗೋಪನೆ ಕಚೇರೀಲಿ ಕೇಳಿ ಬರ್ದಿದ್ದೇ. ಪ್ರಿಂಟಲ್ಲಿ ಒಂದು ಕಾಲಂ ಕತ್ತರಿಸಿಹೋಗಿದೆ. ಅದು ನೀರಿಂದು. ಲಸಿಕೇನ ಕಂಪನಿ ನೀರಲ್ಲಿ ಕಲಸಬಾರದು. ತೊಟ್ಟಿ ನೀರೇ ಆಗಬೇಕು."

"ತಾಳು ತಾಳು," ಎಂದಳು ಕ್ಯಾಲೊನ ಅಮ್ಮ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಇಲ್ಲದ ಡಾಕ್ಟರನ್ನ ಹುಟ್ಸಿ ನಮಗೆ ಕೊಟ್ಟೋರು ನೀವು. ಈಗ ನೀವೇ ಬಂದು ಒಳ್ಳೆ ನೀರು ಚೆಲ್ಲಿ, ಮಣ್ಣು ನೀರು ಕುಡಿಸಿ ಅಂತೀರಿ. ನಾವು ಯಾವುದನ್ನ ನಂಬಬೇಕು ಮಗಳೇ? ಆ ಹಾಳೆ ಮಾತನ್ನೋ, ಇವತ್ತಿನ ಮಾತನ್ನೋ?"

"ಹೋದ ವರ್ಷ ಇವರಮ್ಮ," ಎಂದು ಇನ್ನೊಬ್ಬಳು ಶುರು ಮಾಡಿದಳು, "ಈ ವರ್ಷ ಮಗಳು."

ಕ್ಲೋರಿನ್ ಎಂದೆ. ವೈರಾಣು ಎಂದೆ. ಅವು ಹಾಳೆಯ ಮೇಲಿನ ಮಾತುಗಳು, ಹಾಳೆಯೇ ಸುಳ್ಳಾದ ಮೇಲೆ ಅವುಗಳಿಗೆ ತೂಕವಿರಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಬ್ಬಳು ಲಸಿಕೆಯೇ ಬೇಡ ಎಂದಳು. ಅದು ಎಲ್ಲಕ್ಕಿಂತ ಕೆಟ್ಟದ್ದು. ನಾನು ಬಂದದ್ದೇ ತಪ್ಪಾಯಿತು ಎನ್ನಿಸಿತು.

ಅಮ್ಮ ಹಿಂದಿರುಗಿ ಬಂದಳು. ಕೂರಲಿಲ್ಲ. ನನ್ನನ್ನು ನೋಡಲಿಲ್ಲ.

"ಕ್ಯಾಲೊನ ಅಮ್ಮ," ಎಂದಳು, "ನೀನು ಅಂಬಲಿಗೆ ಹಿಟ್ಟು ನೆನೆಹಾಕೋವಾಗ ಯಾವ ನೀರು ಹಾಕ್ತೀಯ?"

"ಇದೆಲ್ಲಿಂದ ಬಂತು ಅಂಬಲಿ?"

"ಹೇಳು."

"ತೊಟ್ಟಿ ನೀರು."

"ಕಂಪನಿ ನೀರು ಒಳ್ಳೇದಲ್ವಾ? ಅದನ್ನ ಯಾಕೆ ಹಾಕಲ್ಲ?"

ಬೇರೊಬ್ಬಳು ಮೆಲ್ಲಗೆ ಹೇಳಿದಳು, "ಹುಳಿ ಬರಲ್ಲ. ಮೂರು ದಿನ ಇಟ್ರೂ ಹಿಟ್ಟು ಹಿಟ್ಟಾಗೇ ಇರತ್ತೆ. ನನ್ನ ಮಗನ ಮದುವೇಲಿ ಒಂದು ಹಂಡೆ ಚೆಲ್ಲಿದೀನಿ."

"ಹುಳಿ ಯಾಕೆ ಬರಲ್ಲ? ಆ ನೀರು ಅದನ್ನ ಕೊಲ್ಲತ್ತೆ. ಔಷಧೀನೂ ಹಾಗೇ ಇರಬೇಕು." ಅಮ್ಮ ಸೆರಗಿನ ಹಾಗೆ ಹೊದ್ದ ಬಟ್ಟೆಯನ್ನು ಬಿಗಿದುಕೊಂಡಳು. "ಡಾಕ್ಟರು ಇಲ್ಲದಿದ್ರೆ ಇಲ್ಲ. ನನ್ನ ಮಗಳು ಸುಳ್ಳು ಹೇಳಿದ್ದು ನಾಚಿಕೆ. ಅದನ್ನ ಮನೇಲಿ ನಾನು ನೋಡ್ಕೋತೀನಿ. ನಾಳೆ ನಮ್ಮನೇಲಿ ತೊಟ್ಟಿ ನೀರಲ್ಲೇ ಕೊಡೋದು. ಮಿಕ್ಕೋರು ನಿಮ್ಮಿಷ್ಟ."

ಕ್ಯಾಲೊನ ಅಮ್ಮ ಎದ್ದು, ತನ್ನ ಬಿಳಿ ಕ್ಯಾನನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. "ಇದನ್ನ ಚೆಲ್ಲಕ್ಕಾಗಲ್ಲ. ಚಹಾ ಮಾಡ್ತೀನಿ. ಕೂತ್ಕೊಳ್ಳಿ."

ಮನೆಗೆ ಹೋಗುವ ದಾರಿಯಲ್ಲಿ ಅಮ್ಮ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ನಾನು ವೇಗ ಹೆಚ್ಚಿಸಿದರೆ ಅವಳೂ ಹೆಚ್ಚಿಸಿದಳು. ಗೇಟಿನ ಹತ್ತಿರ ನಿಂತು, ತಿರುಗದೆ, "ನಂಗೆ ಮೊದಲೇ ಹೇಳ್ಬಹುದಿತ್ತು. ಭಾನುವಾರ. ಗೂಡಲ್ಲಿ ನಾವಿಬ್ರೇ ಇದ್ದಾಗ," ಎಂದಳು. ಇದಕ್ಕೆ ಉತ್ತರ ಕುರ್ಚಿಯಲ್ಲಿ ಕೂತ ಮೇಲೂ ಬರಲಿಲ್ಲ.

ಗುರುವಾರ ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ಮಾರ್ಕರ್ ಪೆನ್ನು ತಂದು ಹಳದಿ ಕ್ಯಾನಿನ ಹೊಟ್ಟೆಯ ಮೇಲೆ 'ಲಸಿಕೆಗೆ ಇದು' ಎಂದು ಬರೆದೆ. ಕ್ಯಾನಿನ ಮೇಲೆ ಮಸಿ ಚೆನ್ನಾಗಿ ಹತ್ತಿತು. ಬಿಸಿಲೇರುವ ಮುಂಚೆ ಎರಡು ಗಂಟೆ ನೀರು ಕೊಡದೆ ಇಟ್ಟಿದ್ದ ಮರಿಗಳು ಲಸಿಕೆಯ ಬಟ್ಟಲಿಗೆ ಮುಗಿಬಿದ್ದವು. ಅಮ್ಮ ಕುಕ್ಕರಗಾಲಿನಲ್ಲಿ ಕೂತು ಪ್ರತಿಯೊಂದೂ ಕುಡಿಯುವುದನ್ನು ನೋಡುತ್ತಿದ್ದಳು. ಕ್ಯಾಲೊನ ಅಮ್ಮನ ಮನೆಗೆ ಸೀಸೆ ಮುಟ್ಟಿಸಿ ಬಾ ಎಂದಳು. ಗೇಟಿನ ಹತ್ತಿರ ಹೇಳಿದ್ದರ ನಂತರ ನನ್ನೊಡನೆ ಆಡಿದ ಮೊದಲ ಮಾತು ಅದು.

ಶುಕ್ರವಾರ ಕಂಪನಿಯವರು ಬಂದರು. ಇಬ್ಬರು ಗಂಡಸರು, ಇಸ್ತ್ರಿ ಮಾಡಿದ ಅಂಗಿ. ತಮ್ಮ ಫೋನಿನಲ್ಲಿ ಹುಡುಕಿದರು. ಪಿಡಿಎಫ್ ಮೇಲೆಯೇ ಇತ್ತು. ಕೈ ಕುಲುಕಿ, ಚಹಾ ಕುಡಿದು, ಡಾಕ್ಟರನ್ನು ಒಮ್ಮೆ ಭೇಟಿ ಮಾಡಿಸಿ ಎಂದು ಹೇಳಿ ಹೋದರು. ಅವರು ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಮುಸೆಂಬಿ ಹಲಗೆಯ ಮುಂದೆ ನಿಂತರು.

"ನೋಡಿದ್ರಾ? ಎರಡು ತಿಂಗಳು. ಯಾಕೆ ಇಳಿದಿಲ್ಲ? ಯಾರೂ ಮುಟ್ಟಿಲ್ಲ, ಅದಕ್ಕೆ."

"ಮಂಗಳವಾರ ನಾನು ಮುಟ್ಟಿದೀನಿ," ಎಂದೆ.

ಅವರು ತಿರುಗಿದರು. ತಮ್ಮ ಫೋನಿನಲ್ಲಿ ಫೈಲನ್ನು ತೆರೆದರು. ಅಡ್ಡ ಪಟ್ಟಿ, ಐದು ಕಾಲಂ. ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಇನ್ಮೇಲೆ ಮುಟ್ಟಬೇಡ," ಎಂದರು.

"ಡಾಕ್ಟರನ್ನೂ ತೆಗೀಬೇಕು ಬಾಸ್. ಹಳೇದನ್ನ ನಾಲ್ಕು ಸಾವಿರ ಜನ ಇಳಿಸ್ಕೊಂಡಿದಾರೆ. ಹಳೇ ಹಾಳೆ ಇದ್ರೆ ಬಿಸಾಕಿ ಅಂತ ಮೇಲೆ ಒಂದು ಸಾಲು ಹಾಕಬೇಕು."

"ತಪ್ಪಾಗಿತ್ತು ಅಂತ ನಾವೇ ಬರ್ಕೊಳ್ಳೋದಾ? ಕಂಪನಿಯವರು ಓದಲ್ವಾ? ಡಾಕ್ಟರು ಇರ್ಲಿ ಬಿಡು. ಜನಕ್ಕೆ ಅವರಂದ್ರೆ ಇಷ್ಟ." ಅವರು ಕೆಟಲ್ ಹಚ್ಚಿದರು. ಮಾತು ಅಲ್ಲಿಗೆ ಮುಗಿಯಿತು.

ಆರೂ ಮನೆಗಳ ಮರಿಗಳು ಉಳಿದವು. ಪೂರ್ತಿಯಾಗಿ ಅಲ್ಲ. ಕ್ಯಾಲೊನ ಅಮ್ಮನ ಗೂಡಿನಲ್ಲಿ ಒಂಬತ್ತು, ಇನ್ನೊಂದು ಮನೆಯಲ್ಲಿ ನಾಲ್ಕು ಹೋದವು, ಎರಡನೆಯ ಲಸಿಕೆ ಹಿಡಿಯುವ ಮುಂಚೆಯೇ ರೋಗ ತಗುಲಿದವು ಇರಬೇಕು. ಐದನೆಯ ವಾರ ದಾಟಿದ ಭಾನುವಾರ ಇಗರ್ಜಿಯ ಚಹದ ಹೊತ್ತಿನಲ್ಲಿ ಅಮ್ಮ ಗುಂಪಿನ ಹತ್ತಿರ ಹೋದಾಗ ಮಾತು ನಿಲ್ಲಲಿಲ್ಲ. ದೂರದಿಂದ ನೋಡಿದೆ. ಕ್ಯಾಲೊನ ಅಮ್ಮ ನನ್ನನ್ನು ಕಂಡು, "ಡಾಕ್ಟರೇ, ಬನ್ನಿ, ನನ್ನ ಹಲ್ಲು ನೋಡ್ತೀರಾ?" ಎಂದಳು. ಆ ಹೆಸರು ಇನ್ನು ನನ್ನನ್ನು ಬಿಡುವುದಿಲ್ಲ.

ಹೋದ ಶನಿವಾರ ಸೋದರತ್ತೆಯ ಮಗಳ ವಧುದಕ್ಷಿಣೆಯ ಮಾತುಕತೆಗೆಂದು ನಾವೆಲ್ಲ ವಮುನ್ಯು ಎಂಬ ಊರಿಗೆ ಹೋಗಿದ್ದೆವು. ಮಟಾಟು ನಿಂತ ಕಡೆ ಪಶು ಔಷಧಿಯ ಅಂಗಡಿಯೊಂದಿತ್ತು. ಕಬ್ಬಿಣದ ಸರಳಿಗೆ ಲ್ಯಾಮಿನೇಟ್ ಮಾಡಿದ ಹಾಳೆ ಕಟ್ಟಿದ್ದರು. ಕನ್ನಡಕ, ಬಿಳಿ ಕೋಟು. ನಾಲ್ಕು ಕಾಲಂ. ಬಲಗಡೆ ಬಳ್ಳಿಯ ಅಂಚು.

ಅಮ್ಮನೂ ನೋಡಿದಳು. ನಾನು ನೋಡಿದ್ದನ್ನೂ ನೋಡಿದಳು. ಜೊತೆಗೆ ಬಂದ ನೆಂಟರು ಮುಂದೆ ಹೋಗುತ್ತಿದ್ದರು. ಅವಳು ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟು ನಿಂತುಕೊಂಡಳು.

ಅಂಗಡಿಯವನು ವಯಸ್ಸಾದ ಮನುಷ್ಯ, ರೇಡಿಯೋ ಕೇಳುತ್ತಿದ್ದ. ಡೈರಿ ಮನೆಯಲ್ಲಿತ್ತು. ಏನೂ ಬರೆದುಕೊಂಡಿರಲಿಲ್ಲ.

"ಅಜ್ಜ," ಎಂದೆ. "ಆ ಹಾಳೆಯಲ್ಲಿರೋರು ಡಾಕ್ಟರಲ್ಲ."

ಅವನು ರೇಡಿಯೋದ ದನಿ ತಗ್ಗಿಸಿದ. "ಮತ್ತೆ ಇನ್ಯಾರು?"

"ಹೇಳ್ತೀನಿ. ಮೊದಲು ಒಂದು ಮಾತು. ನಿಮ್ಮನೇಲಿ ಅಂಬಲಿಗೆ ಯಾವ ನೀರು ಹಾಕ್ತಾರೆ?"